ಬರ್ಗೆನ್‌ನಲ್ಲಿ ಬರೆದ ಒಂದು ವಾಕ್ಯ

ರೇಖಾ ಮೊಗೇರ ಟೇಪ್ ರೆಕಾರ್ಡರ್ ಹಿಡಿದು ಭಟ್ಕಳದ ಹತ್ತಿರದ ಅಳ್ವೆಕೋಡಿಯ ಕಡಲ ದಂಡೆಗಿಳಿದ ದಿನ ಅಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರೆಲ್ಲ ನಕ್ಕಿದ್ದೇ ನಕ್ಕಿದ್ದು. ಅದು ಎರಡು ಸಾವಿರದ ಮೂರನೇ ಇಸವಿಯ ಜನವರಿ. ನಾರ್ವೆ ದೇಶದ ಬರ್ಗೆನ್ ಎಂಬ ಊರಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಹುಡುಗಿ, ಪ್ರಬಂಧ ಬರೆಯಲು ಮಾಹಿತಿ ಬೇಕೆಂದು ತಾನು ಹುಟ್ಟಿ ಬೆಳೆದ ದಂಡೆಗೇ ವಾಪಸು ಬಂದಿದ್ದಳು.

"ಎಂತದೇ ಇದು? ನಮ್ಮ ಹತ್ರ ಹಾಡು ಹೇಳ್ಸ್ತ್ಯಾ?" ಎಂದು ಕೇಳಿದವಳು ದೇವಿ. ರೇಖಾಳ ಜೊತೆಗೇ ಶಿರಾಲಿಯ ಶಾಲೆಗೆ ಹೋದವಳು, ಏಳನೇ ಕ್ಲಾಸಿಗೆ ಬಿಟ್ಟು ದಂಡೆಗೆ ಬಂದವಳು.

"ಹಾಡು ಬೇಡ. ನೀವು ಬೆಳಿಗ್ಗೆ ಎದ್ದು ಎಂತ ಎಂತ ಕೆಲಸ ಮಾಡ್ತ್ರಿ, ಅದ್ನೇ ಹೇಳಿ, ಸಾಕು."

ರೇಖಾಳ ತಾಯಿ ಮಾಸ್ತಮ್ಮ ತೆಂಗಿನ ಗರಿಯ ಮೇಲೆ ಹರಡಿದ್ದ ತಾರ್ಲೆ ಮೀನನ್ನು ಮಗುಚುತ್ತಿದ್ದವಳು ತಲೆ ಎತ್ತಿದಳು. "ಕಾಕೆ ಓಡ್ಸ್ತಾ ಕೂರದೂ ಕೆಲಸ ಅಂತ ಬರೀತ್ಯಾ ಮಗಾ? ನಿಮ್ಮ ಮಾಸ್ತರು ನಗ್ತ್ರು."

"ಅದೂ ಕೆಲಸವೇ ಅಮ್ಮ. ಅದ್ನ ಬರಿಯೂಕೇ ನಾ ಬಂದದ್ದು."

ಬೇರೆ ಯಾರಾದರೂ ಕೇಳಿದ್ದರೆ ಆ ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಮಾಸ್ತಮ್ಮನ ಮಗಳೆಂದು ಎಲ್ಲ ಹೇಳಿದರು. ಬೋಟಿನವರ ಹತ್ತಿರ ಚೌಕಾಸಿ ಮಾಡುವುದು, ತೊಳೆದು ಉಪ್ಪು ಹಾಕುವುದು, ಮೋಡ ಕಂಡರೆ ಮಕ್ಕಳಿಗೆ ಅನ್ನ ಹಾಕುವುದನ್ನೂ ಬಿಟ್ಟು ಓಡಿಬರುವುದು, ಮಳೆಗಾಲಕ್ಕೆ ಮುಂಚೆ ಘಟ್ಟದ ಮೇಲಿನವರಿಗೆ ಮಾರುವುದು. ರೇಖಾ ದಂಡೆಯ ಮೇಲೆ ಕುಳಿತು ಕೇಳುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳು ಆ ದಂಡೆಯಲ್ಲಿ ಯಾವತ್ತೂ ಕುಳಿತಿರಲಿಲ್ಲ.

ಯಾಕೆಂದರೆ ಚಿಕ್ಕಂದಿನಿಂದ ಅವಳಿಗೆ ಆ ವಾಸನೆ ಎಂದರೆ ನಾಚಿಕೆ. ತಂದೆ ರಾಮ ವರ್ಷದ ಹೆಚ್ಚು ಕಾಲ ರತ್ನಾಗಿರಿಯ ಬೋಟುಗಳಲ್ಲಿ ಇರುತ್ತಿದ್ದ. ಮನೆ ನಡೆದದ್ದು, ಮಗಳು ಓದಿದ್ದು ಮಾಸ್ತಮ್ಮನ ಒಣಮೀನಿನಿಂದ. ಹೊನ್ನಾವರದ ಕಾಲೇಜಿಗೆ ಹೋಗುವಾಗ ಕೆಲವು ದಿನ ತಾಯಿ ಮಗಳಿಬ್ಬರಿಗೂ ಒಂದೇ ಬಸ್ಸು. ಮಾಸ್ತಮ್ಮ ಬುಟ್ಟಿ ಇಟ್ಟುಕೊಂಡು ಹಿಂದಿನ ಬಾಗಿಲ ಹತ್ತಿರ ನಿಲ್ಲುವಳು. ರೇಖಾ ಮುಂದೆ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುವಳು. ಒಮ್ಮೆ ಮಂಕಿಯಲ್ಲಿ ಹತ್ತಿದ ಒಬ್ಬ ಗೆಳತಿ ಮೂಗು ಮುಚ್ಚಿಕೊಂಡು, "ಯಾರೇ ಅದು, ಬಸ್ಸಿಡೀ ನಾರ್ತದೆ" ಎಂದಾಗ ರೇಖಾ, "ಯಾರೋ ಮೀನಿನವ್ಳು" ಎಂದಿದ್ದಳು. ಮಾಸ್ತಮ್ಮನಿಗೆ ಅದು ಕೇಳಿಸಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಹೊನ್ನಾವರದಲ್ಲಿ ಇಳಿಯುವಾಗ ಮಾಸ್ತಮ್ಮ ಮಗಳ ಕಡೆ ನೋಡದೆ ಬುಟ್ಟಿ ಹೊತ್ತು ಪೇಟೆಯ ಕಡೆ ನಡೆದುಬಿಟ್ಟಳು.

ಧಾರವಾಡದಲ್ಲಿ ಎಂ.ಎ. ಮುಗಿಸಿದ ರೇಖಾ, ಕುಮಟೆಯ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿ ಹೊಳನಗದ್ದೆಯಲ್ಲಿ ಬಾಡಿಗೆಗೆ ಇದ್ದಳು. ಅಲ್ಲಿದ್ದಾಗಲೇ ನಾರ್ವೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಮೀನುಗಾರಿಕೆಯ ಅರ್ಥಶಾಸ್ತ್ರ ಓದಲು ಆರಿಸಿದ ಹುಡುಗಿ ಸ್ವತಃ ಮೀನುಗಾರ ಮೊಗೇರರ ಮನೆಯವಳು ಎಂಬುದು ಆಯ್ಕೆ ಮಾಡಿದವರಿಗೆ ಬಹಳ ಹಿಡಿಸಿತ್ತು. ಎರಡು ಸಾವಿರದ ಒಂದರ ಆಗಸ್ಟಿನಲ್ಲಿ ಅವಳು ಹೊರಟಾಗ ಮಾಸ್ತಮ್ಮ ಒಣ ಸೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಹುರಿದು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಸೀರೆಯ ತುಂಡು ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ಬರ್ಗೆನ್ನೂ ಮೀನಿನ ಊರೇ. ಬಂದರಿನ ಹತ್ತಿರವೇ ಮೀನು ಪೇಟೆ, ಮಳೆಯೂ ನಮ್ಮ ಆಷಾಢದ ಹಾಗೆ ಬಿಡದೆ ಸುರಿಯುವಂಥದ್ದು. ಆದರೂ ಹಾಸ್ಟೆಲಿನ ಅಡುಗೆಮನೆಯಲ್ಲಿ ರೇಖಾ ಸೆಟ್ಲಿಯ ಚಟ್ನಿ ಮಾಡಿದ ದಿನ ಪಕ್ಕದ ಕೋಣೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಟಕಿಗಳನ್ನೆಲ್ಲ ತೆರೆದರು. ಯಾರೂ ಬೈಯಲಿಲ್ಲ. ಒಬ್ಬಳು ಬಹಳ ಮರ್ಯಾದೆಯಿಂದ, "ಏನಾದರೂ ಕೆಟ್ಟುಹೋಗಿದೆಯಾ?" ಎಂದು ಕೇಳಿದಳಷ್ಟೆ. ರೇಖಾ ಮರುದಿನ ಕೊಟ್ಟೆಯನ್ನು ಸೀರೆಯ ತುಂಡಿನ ಸಮೇತ ಕಸದ ಡಬ್ಬಿಗೆ ಹಾಕಿದಳು. ಆ ವಾರ ಶಿರಾಲಿಯ ಎಸ್‌ಟಿಡಿ ಬೂತಿಗೆ ಫೋನು ಮಾಡಿ ತಾಯಿಯನ್ನು ಕರೆಸಿದಾಗ ಮಾಸ್ತಮ್ಮ ಮೊದಲು ಕೇಳಿದ್ದೇ ಅದನ್ನು.

"ಸೆಟ್ಲಿ ತಿಂದ್ಯಾ?"

"ತಿಂದೆ ಅಮ್ಮ, ಖಾಲಿಯೂ ಆತು."

"ಇಷ್ಟು ಬೇಗ? ಹಂಗಾರೆ ಮತ್ತೆ ಕಳಿಸ್ತೆ."

"ಬೇಡ ಅಮ್ಮ, ಪೋಸ್ಟಿನಲ್ಲಿ ಬಿಡೂದಿಲ್ಲ" ಎಂದು ಹೇಳಿ ಫೋನಿಟ್ಟ ಮೇಲೆ ರೇಖಾಳಿಗೆ ಊಟ ಸೇರಲಿಲ್ಲ. ಬಸ್ಸಿನ ಮಾತೂ ನೆನಪಿಗೆ ಬಂತು. ಇನ್ನು ಮುಂದೆ ಹೀಗಾಗಬಾರದು, ಅಮ್ಮನ ಕೆಲಸವನ್ನೇ ಪ್ರಬಂಧದ ವಿಷಯ ಮಾಡಿಕೊಳ್ಳುತ್ತೇನೆ, ಅದು ಎಂಥ ಕೆಲಸ ಎಂದು ಈ ಜನಕ್ಕೆ ತೋರಿಸುತ್ತೇನೆ ಎಂದು ಅವಳು ನಿಶ್ಚಯಿಸಿದ್ದು ಆಗಲೇ. ಟೇಪ್ ರೆಕಾರ್ಡರ್ ಹಿಡಿದು ದಂಡೆಗೆ ಬಂದದ್ದು ಆ ನಿಶ್ಚಯದಿಂದ.

ಮಾಹಿತಿ ತುಂಬಿಕೊಂಡು ಬರ್ಗೆನ್ನಿಗೆ ಮರಳಿದ ಮೇಲೆ ಅವಳ ಮಾರ್ಗದರ್ಶಕ ಪ್ರೊಫೆಸರ್ ಹೌಗೆನ್ ಎಲ್ಲವನ್ನೂ ಓದಿದರು. ವಯಸ್ಸಾದವರು, ಮೃದುವಾಗಿ ಮಾತಾಡುವವರು.

"ಈ ಹೆಂಗಸರಿಗೆ ಯಾರೂ ಕೂಲಿ ಕೊಡುವುದಿಲ್ಲ. ಇದನ್ನು ಬಿಟ್ಟರೆ ಮಾಡಲು ಬೇರೆ ಕೆಲಸವೂ ಇಲ್ಲ. ಅಂಥ ಕಡೆ ಅವರ ಸಮಯಕ್ಕೆ ಬೆಲೆ ಹಾಕದೆ ಸೊನ್ನೆ ಎಂದು ಹಿಡಿಯುವವರಿದ್ದಾರೆ" ಎಂದರು.

"ನನ್ನ ತಾಯಿಯ ದುಡಿಮೆಯನ್ನು ಸೊನ್ನೆ ಎಂದು ನಾನು ಬರೆಯಲಾರೆ, ಸರ್."

ಹೌಗೆನ್ ಅವಳನ್ನು ನೋಡಿ ತಲೆಯಾಡಿಸಿದರು. "ಹಾಗಾದರೆ ಬರೆಯಬೇಡ. ಪೇಟೆಯ ಕೂಲಿಯ ದರ ಹಾಕು."

ರೇಖಾ ಹಾಗೆಯೇ ಮಾಡಿದಳು. ಉಪ್ಪು ಹಾಕುವ ಹೊತ್ತು, ಮಗುಚುವ ಹೊತ್ತು, ಕಾಗೆ ಓಡಿಸುವ ಹೊತ್ತು, ಎಲ್ಲಕ್ಕೂ ಕೂಲಿ ಹಾಕಿದಳು. ಹಾಕಿ ಕೂಡಿಸಿ ನೋಡಿದರೆ ಮೀನು ಒಣಗಿಸುವುದು ನಷ್ಟದ ಕೆಲಸವಾಗಿತ್ತು. ಮಾರಿ ಬಂದದ್ದಕ್ಕಿಂತ ಕೂಲಿಯೇ ಹೆಚ್ಚು. ತಾಯಿಯ ದುಡಿಮೆಗೆ ಬೆಲೆ ಕೊಡಲು ಹೋದವಳ ಕೈಯಲ್ಲಿ, ಆ ದುಡಿಮೆಯೇ ಬೇಡದ್ದು ಎಂಬ ಉತ್ತರ ಬಂದು ಕುಳಿತಿತ್ತು. ಇನ್ನೊಂದು ಕಡೆ, ಅದೇ ಸಣ್ಣ ಮೀನನ್ನು ಕಾರ್ಖಾನೆಯಲ್ಲಿ ಬೇಯಿಸಿ ಹುಡಿ ಮಾಡಿ ಕೋಳಿಗೂ ಸಾಕಿದ ಮೀನಿಗೂ ಆಹಾರವಾಗಿ ಮಾರಿದರೆ ಒಳ್ಳೆಯ ಲಾಭವಿತ್ತು.

ಕೊನೆಯ ಅಧ್ಯಾಯದಲ್ಲಿ ಅವಳು ಹೀಗೆ ಬರೆದಳು: ಈ ಮೀನು ಹುಡಿಯ ಕಾರ್ಖಾನೆಗೆ ಹೋಗುವುದು ಲಾಭಕರ, ಇದರಿಂದ ಬಿಡುವಾಗುವ ಹೆಂಗಸರು ಇನ್ನೂ ಒಳ್ಳೆಯ ಕೆಲಸಗಳಿಗೆ ಹೋಗಬಹುದು.

ಹೌಗೆನ್ ಆ ವಾಕ್ಯದ ಮೇಲೆ ಬೆರಳಿಟ್ಟರು. "ಯಾವ ಕೆಲಸಗಳು?"

ಯಾವ ಕೆಲಸವೂ ಇಲ್ಲ ಎಂದು ರೇಖಾಳಿಗೆ ಗೊತ್ತಿತ್ತು. ದೇವಿಗೆ ಶಿರಾಲಿಯಲ್ಲಿ ಯಾರು ಕೆಲಸ ಕೊಡುತ್ತಾರೆ? ಮಾಸ್ತಮ್ಮನಿಗೆ ಭಟ್ಕಳದಲ್ಲಿ ಯಾರು ಕೊಡುತ್ತಾರೆ? ಆದರೆ, "ಅಲ್ಲಿಯ ಪಟ್ಟಣಗಳು ಬೆಳೆಯುತ್ತಿವೆ, ಸರ್" ಎಂದಳು. ಹೌಗೆನ್, "ನಿನ್ನ ಊರು ನನಗಿಂತ ನಿನಗೆ ಗೊತ್ತು" ಎಂದು ಪುಟ ತಿರುವಿದರು. ಪ್ರಬಂಧಕ್ಕೆ ವಿಭಾಗದಲ್ಲಿ ಬಹುಮಾನ ಬಂತು. ವಾಕ್ಯ ಹಾಗೆಯೇ ಉಳಿಯಿತು.

ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಅಮ್ಮ ಇನ್ನು ಬುಟ್ಟಿ ಹೊತ್ತು ಬಸ್ಸಿನ ಬಾಗಿಲಲ್ಲಿ ನಿಲ್ಲಬಾರದು ಎಂಬ ಆಸೆ ಅದರಲ್ಲಿತ್ತು. ಅದನ್ನು ಅವಳು ಪ್ರೀತಿ ಎಂದೇ ತಿಳಿದಿದ್ದಳು. ಅದರೊಳಗೆ ಹಳೆಯ ನಾಚಿಕೆಯೂ ಸೇರಿಕೊಂಡಿತ್ತು ಎಂದು ತಿಳಿಯಲು ಕೆಲವು ವರ್ಷ ಬೇಕಾಯಿತು.

ಊರಿಗೆ ಬಂದ ರೇಖಾಳಿಗೆ ಕುಮಟೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ಯುರೋಪಿನಲ್ಲಿ ಓದಿದವಳೆಂದು ಅಲ್ಲಿ ಇಲ್ಲಿ ಭಾಷಣಕ್ಕೆ ಕರೆಯುತ್ತಿದ್ದರು. ಅಂಥದೊಂದು ಭಾಷಣ ಕೇಳಿದ ಒಂದು ಕಂಪನಿಯವರು ಅವಳನ್ನು ಹುಡುಕಿಕೊಂಡು ಬಂದರು. ದಂಡೆಯ ಹತ್ತಿರ ಮೀನಿನ ಹುಡಿ ಮಾಡುವ ಕಾರ್ಖಾನೆ ಹಾಕುವವರು. ಪ್ರಬಂಧದ ಪ್ರತಿ ಕೇಳಿದರು. ತನ್ನ ಬರಹವನ್ನು ಓದುವವರೂ ಇದ್ದಾರಲ್ಲ ಎಂದು ಅವಳು ಸಂತೋಷದಿಂದಲೇ ಕೊಟ್ಟಳು. ಎರಡು ಸಾವಿರದ ಐದರಲ್ಲಿ ಅಳ್ವೆಕೋಡಿಯ ಶಾಲೆಯ ಅಂಗಳದಲ್ಲಿ ಕಂಪನಿ ಊರವರ ಸಭೆ ಕರೆದಾಗ ವೇದಿಕೆಯ ಮೇಲೆ ಅವಳಿಗೂ ಒಂದು ಕುರ್ಚಿ ಇತ್ತು.

"ನಿಮ್ಮ ಊರಿನ ಮಗಳೇ ಯುರೋಪಿನಲ್ಲಿ ಓದಿ ಈ ವಿಷಯದ ಮೇಲೆ ಬರೆದಿದ್ದಾಳೆ" ಎಂದು ಕಂಪನಿಯ ಅಧಿಕಾರಿ ಹೇಳಿದಾಗ ಮಾಸ್ತಮ್ಮ ಎದುರಿನ ಸಾಲಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು. ಹೊಸ ಸೀರೆ ಉಟ್ಟು ಬಂದಿದ್ದಳು.

ಹೆಂಗಸರ ನಡುವಿನಿಂದ ದೇವಿ ಎದ್ದು ನಿಂತಳು. "ಸಾಹೇಬ್ರೆ, ನೀವು ಇಷ್ಟೊತ್ತು ಹೇಳಿದ್ದು ನಮಗೆ ಅರ್ಥ ಆಗ್ಲಿಲ್ಲ. ಒಂದೇ ಮಾತು. ಫ್ಯಾಕ್ಟರಿ ಬಂದ್ಮೇಲೂ ನಮಗೆ ಮೀನು ಸಿಗ್ತದಾ?" ಅಧಿಕಾರಿ ಬಾಯಿ ತೆರೆಯುವ ಮೊದಲೇ ಅವಳು ಮತ್ತೆ ಹೇಳಿದಳು, "ನೀವು ಬೇಡ. ರೇಖಾ, ನೀ ಹೇಳು."

ಅಂಗಳವೆಲ್ಲ ರೇಖಾಳ ಕಡೆ ತಿರುಗಿತು. ಇಂಥ ಕಾರ್ಖಾನೆಗಳು ಬಂದ ದೇಶಗಳಲ್ಲಿ ಏನಾಗಿದೆ ಎಂದು ಅವಳು ಓದಿದ್ದಳು. ಹೊಟ್ಟೆ ತುಂಬದ ಯಂತ್ರಗಳವು. ಇದ್ದಷ್ಟು ಮೀನನ್ನೂ ಎಳೆದುಕೊಳ್ಳುತ್ತವೆ. ಅಧಿಕಾರಿ ನಗುತ್ತ ಅವಳನ್ನೇ ನೋಡುತ್ತಿದ್ದ. ತಾಯಿಯೂ ನೋಡುತ್ತಿದ್ದಳು.

"ಸಿಗ್ತದೆ" ಎಂದಳು ರೇಖಾ. "ಹೆಚ್ಚಾದ ಮೀನು ಮಾತ್ರ ಅವ್ರು ತಕಂಡು ಹೋಗ್ತ್ರು."

ಹೆಂಗಸರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ದೇವಿ.

ಕಾರ್ಖಾನೆ ಬಂತು. ಜನ ಅದನ್ನು ಫಿಶ್‌ಮಿಲ್ ಎಂದು ಕರೆದರು. ಬೋಟು ದಕ್ಕೆಗೆ ಬಂದು ನಿಲ್ಲುವಷ್ಟರಲ್ಲಿ ಅದರ ಲಾರಿ ಅಲ್ಲಿರುತ್ತಿತ್ತು. ಬೋಟಿನವರಿಗೂ ಸುಲಭ: ಚೌಕಾಸಿ ಇಲ್ಲ, ಕಾಯುವ ಕೆಲಸವಿಲ್ಲ, ತಾರ್ಲೆಯನ್ನೆಲ್ಲ ಒಟ್ಟಿಗೇ ಸುರಿದು ಹೋಗುವುದು. ಮೊದಲ ವರ್ಷ ಹೆಂಗಸರಿಗೆ ಸ್ವಲ್ಪ ಸಿಕ್ಕಿತು. ಮರುವರ್ಷ ಬುಟ್ಟಿ ಹಿಡಿದು ಹೋದವರು ಬಿಸಿಲೇರುವವರೆಗೆ ನಿಂತು ಖಾಲಿ ಬರತೊಡಗಿದರು. ದೇವಿಯ ಗಂಡ ಕುಡಿದು ಕುಡಿದು ಮೊದಲೇ ಕೆಲಸಕ್ಕೆ ಬಾರದವನಾಗಿದ್ದ. ಅವಳು ಮಗಳು ಅಂಕಿತಾಳನ್ನು ಅಜ್ಜಿಯ ಹತ್ತಿರ ಬಿಟ್ಟು, ಸೆಟ್ಲಿ ಸುಲಿಯುವ ಶೆಡ್ಡಿನ ಕೆಲಸಕ್ಕೆಂದು ಗೋವೆಗೆ ಹೋದಳು.

ರೇಖಾ ಭಾನುವಾರ ಕುಮಟೆಯಿಂದ ಬಂದಾಗ ಮಾಸ್ತಮ್ಮ ಮನೆಯ ಎದುರು ಸುಮ್ಮನೆ ಕುಳಿತಿರುತ್ತಿದ್ದಳು. ಅಂಗಳದಲ್ಲಿ ತೆಂಗಿನ ಗರಿಗಳನ್ನು ಒಟ್ಟಿ ಇಟ್ಟಿದ್ದಳು.

"ಈಗ ಆರಾಮ ಅಲ್ದಾ ಅಮ್ಮ?" ಎಂದು ಒಮ್ಮೆ ಕೇಳಿದಳು.

"ಆರಾಮ ಎಂತದು? ಕೈಕಾಲು ಬಿದ್ದೋದಂಗಾತದೆ. ಪೇಟೆಗೆ ಹೋದ್ರೆ ನಾಕು ಜನ ಮಾತಾಡ್ಸ್ತಿದ್ರು. ಹೊನ್ನಾವರದಲ್ಲಿ ನಂಗೆ ಜಾಗ ಹಿಡ್ದು ಇಡ್ತಿದ್ರು, ಗೊತ್ತಿತ್ತಾ ನಿಂಗೆ?" ಎಂದ ಮಾಸ್ತಮ್ಮ, ಮಗಳ ಮುಖ ನೋಡಿ ದನಿ ಇಳಿಸಿದಳು. "ಹೋಗ್ಲಿ ಬಿಡು. ನೀ ದುಡಿತೆ ಇದ್ಯಲೆ."

ಯಾರೂ ರೇಖಾಳನ್ನು ದೂರಲಿಲ್ಲ. ಕಾಲ ಕೆಟ್ಟಿತು ಎಂದರು, ಬೋಟಿನವರು ಕೆಟ್ಟರು ಎಂದರು. ದಾರಿಯಲ್ಲಿ ಸಿಕ್ಕಿದ ಹೆಂಗಸರು, "ಯಾವಾಗ ಬಂದದ್ದು ಮಗಾ?" ಎಂದು ಮೊದಲಿನ ಪ್ರೀತಿಯಲ್ಲೇ ಕೇಳುತ್ತಿದ್ದರು. ಅದೇ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಒಬ್ಬಳಾದರೂ ಬೈದಿದ್ದರೆ ಉತ್ತರ ಕೊಡಬಹುದಿತ್ತು. ಕ್ಲಾಸಿನಲ್ಲಿ ಕೂಲಿ, ಲಾಭ ಎಂಬ ಪಾಠ ಬಂದಾಗ ಮಾತು ಮಧ್ಯಕ್ಕೇ ನಿಂತುಹೋಗುತ್ತಿತ್ತು. ಹೌಗೆನ್ ಇಮೇಲ್ ಕಳಿಸಿ ಪಿಎಚ್.ಡಿ.ಗೆ ಬಾ ಎಂದು ಕರೆದರು. ರೇಖಾ ಬರುವುದಿಲ್ಲ ಎಂದು ಬರೆದಳು. ಅದನ್ನು ಕೇಳಿ ಮಾಸ್ತಮ್ಮನಿಗೆ ಸಿಟ್ಟು ಬಂತು.

"ಯಾಕೆ ಬಿಟ್ಟೆ? ನಂಗಾಗ್ಯಾ? ನಾ ಎಂತ ಮಲಗಿದ್ನಾ?"

"ಹಂಗಲ್ಲ ಅಮ್ಮ."

"ಮತ್ತೆ ಹ್ಯಾಂಗೆ? ಬಾಯಿ ಬಿಟ್ಟು ಹೇಳು."

ರೇಖಾ ಹೇಳಿದಳು. ಬರ್ಗೆನ್‌ನಲ್ಲಿ ಬರೆದದ್ದು, ಹೌಗೆನ್ ಕೇಳಿದ್ದು, ಸಭೆಯಲ್ಲಿ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಉತ್ತರ ಕೊಟ್ಟದ್ದು. ಕಸದ ಡಬ್ಬಿಗೆ ಹೋದ ಸೆಟ್ಲಿಯ ವಿಷಯವನ್ನೂ ಹೇಳಿದಳು. ಮಾಸ್ತಮ್ಮ ಎದ್ದು ಒಳಗೆ ಹೋದವಳು ಚಾ ಮಾಡಿ ತಂದು ಮಗಳ ಮುಂದೆ ಇಟ್ಟಳು.

"ನೀ ಓದೂದು ಬಿಟ್ರೆ ಮೀನು ತಿರ್ಗಿ ಬತ್ತದ್ಯಾ?" ಎಂದಳು. "ನಂಗೆ ಹೇಳದ್ದು ಆತು. ನಿನ್ನ ಕೇಳ್ದವ್ಳು ನಾನಲ್ಲ, ದೇವಿ. ಅವ್ಳಿಗೆ ಹೇಳು."

ಎರಡು ಸಾವಿರದ ಏಳರ ಚೌತಿಗೆ ದೇವಿ ಗೋವೆಯಿಂದ ಬಂದಳು. ಹಬ್ಬದ ಮರುದಿನ ಅಂಕಿತಾಳನ್ನು ಇಡಗುಂಜಿ ದೇವಸ್ಥಾನಕ್ಕೆ ಕರೆದುಕೊಂಡು ಹೊರಟಾಗ ರೇಖಾಳೂ ಜೊತೆಗೆ ಹೋದಳು. ದೇವರಿಗೆ ಕೈಮುಗಿದು ಹೊರಗೆ ಬಂದು ಕುಳಿತರು. ಹುಡುಗಿ ಅಂಗಡಿಗಳ ಮುಂದೆ ಬಳೆ ನೋಡುತ್ತ ನಿಂತಳು. ದೇವಿಯ ಬೆರಳುಗಳ ತುದಿ ಬಿಳಿಚಿ ಬಿರಿದಿತ್ತು. ಇಡೀ ದಿನ ಐಸಿನ ನೀರಿನಲ್ಲಿ ಸೆಟ್ಲಿ ಸುಲಿದು ಸುಲಿದು ಹಾಗಾಗಿತ್ತು.

"ದೇವಿ, ಆವತ್ತು ಸಭೆಲಿ ನೀ ಕೇಳಿದ್ಯಲೆ, ಮೀನು ಸಿಗ್ತದಾ ಅಂತ."

"ಹೂಂ. ಆ ಕಂಪನಿಯವ್ರು ನಿನ್ನನ್ನೂ ಮೋಸ ಮಾಡಿದ್ರು."

ಆ ಮಾತು ಹಿಡಿದುಕೊಂಡು ಸುಮ್ಮನಾಗಿಬಿಡಬಹುದಿತ್ತು. ರೇಖಾಳಿಗೆ ಒಂದು ಕ್ಷಣ ಹಾಗೆನ್ನಿಸಿತು ಕೂಡ.

"ನನ್ನ ಯಾರೂ ಮೋಸ ಮಾಡ್ಲಿಲ್ಲ. ಮೀನು ಸಿಗೂದಿಲ್ಲ ಅಂತ ನಂಗೆ ಗೊತ್ತಿತ್ತು."

ದೇವಿ ತಿರುಗಿ ನೋಡಿದಳು. "ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹಂಗೆ ಹೇಳಿದ್ಯಾ? ಯಾಕೆ?"

ರೇಖಾ ಕಾರಣ ಹೇಳಲು ನೋಡಿದಳು. ಅಷ್ಟು ಜನರ ಮುಂದೆ ತಾನು ಬರೆದದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ, ಅಮ್ಮ ಹೊಸ ಸೀರೆ ಉಟ್ಟು ಕುಳಿತಿದ್ದಳು, ಆ ಕೆಲಸ ತಪ್ಪಿದರೆ ನಿಮಗೆಲ್ಲ ಒಳ್ಳೆಯದೇ ಆದೀತೆಂದುಕೊಂಡೆ. ಹೇಳುತ್ತ ಹೇಳುತ್ತ ಅವಳಿಗೇ ಅದು ಯಾವುದೂ ಕಾರಣವಲ್ಲ ಎನ್ನಿಸಿತು.

"ನಮಗೆ ಒಳ್ಳೇದು ಯಾವ್ದು ಅಂತ ನಮ್ಮನ್ನ ಕೇಳಿದ್ಯಾ?" ಎಂದಳು ದೇವಿ. ಅವಳ ದನಿ ಏರಲಿಲ್ಲ. "ಅಂಕಿತಾ ರಾತ್ರಿ ಅಜ್ಜಿನ್ನ ಅಮ್ಮ ಅಂತ ಕರಿತದಂತೆ. ನಾ ಬಂದ್ರೆ ಎರಡು ದಿನ ಹತ್ರ ಬತ್ತಿಲ್ಲ." ಅಷ್ಟು ಹೇಳಿ ಎದ್ದು ಮಗಳ ಕೈ ಹಿಡಿದು ಬಸ್ಸಿನ ಕಡೆ ನಡೆದಳು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತರು, ಬೇರೆ ಸೀಟು ಇರಲಿಲ್ಲ.

ಅದಾದ ಮೇಲೆ ರೇಖಾ ಕೈಕಟ್ಟಿ ಕೂರಲಿಲ್ಲ. ಮಾಸ್ತಮ್ಮನ ಅಣ್ಣ ಬೊಮ್ಮಯ್ಯ ಒಂದು ಬೋಟಿನ ತಾಂಡೇಲ, ಬೋಟು ನಡೆಸುವವನು. ಅವನ ಮನೆಗೆ ಹೋಗಿ, "ಮಾವ, ಲಾರಿಗೆ ಹಾಕೂ ಮುಂಚೆ ಹೆಂಗಸ್ರು ಬೇಕಾದ್ದು ತಕಳ್ಳಿ. ಉಳಿದದ್ದು ಮಿಲ್ಲಿಗೆ ಕೊಡಿ" ಎಂದು ಕೇಳಿದಳು.

ಬೊಮ್ಮಯ್ಯ ನಕ್ಕುಬಿಟ್ಟ. "ನೀನೇ ಅಲ್ದಾ ವೇದಿಕೆ ಮೇಲೆ ಕೂತು ಫ್ಯಾಕ್ಟರಿ ಒಳ್ಳೇದು ಅಂದದ್ದು? ಈಗ ಎಂತ ತಿರ್ಗಿ ಹೇಳ್ತಿ?"

"ನಾ ಹೇಳಿದ್ದು ತಪ್ಪಾಗಿತ್ತು ಮಾವ."

"ಇದ್ನ ಎಲ್ಲರ ಮುಂದೆ ಹೇಳ್ತ್ಯಾ?"

"ಹೇಳ್ತೆ."

ಬೋಟಿನವರ ಸಂಘದ ಕೋಣೆಯಲ್ಲಿ ಅವಳು ನಿಂತು ಹೇಳಿದಳು. ಕೆಲವರು ಎದ್ದು ಹೋದರು. ಒಬ್ಬ, "ಹೊರದೇಶದಲ್ಲಿ ಓದ್ದವ್ರಿಗೆ ದಿನಕ್ಕೊಂದು ಮಾತು" ಎಂದ. ಇನ್ನೊಬ್ಬ, ನಿನಗೆ ಕಂಪನಿ ಎಷ್ಟು ಕೊಟ್ಟಿತ್ತು ಎಂದು ಕೇಳಿದ. ಕೊಟ್ಟಿರಲಿಲ್ಲ, ಆದರೂ ಆ ಪ್ರಶ್ನೆ ಕೇಳಲು ಅವನಿಗೆ ಹಕ್ಕಿದೆ ಎಂದು ಅವಳಿಗೆ ಅನ್ನಿಸಿತು. ಮತ್ತೆ ಮತ್ತೆ ಹೋದಳು. ಆ ಹಂಗಾಮಿನ ಕೊನೆಗೆ ಬೊಮ್ಮಯ್ಯನೂ ಅವನ ಮಾತು ಕೇಳುವ ಕೆಲವು ಬೋಟಿನವರೂ ಒಪ್ಪಿದರು. ಉಳಿದವರ ಮೀನು ಲಾರಿಗೇ ಹೋಯಿತು, ಈಗಲೂ ಹೋಗುತ್ತದೆ.

ಹೌಗೆನ್ ಅವರಿಗೂ ಬರೆದಳು. ಆ ವಾಕ್ಯ ಸುಳ್ಳಾಗಿತ್ತು, ನೀವು ಕೇಳಿದಾಗಲೇ ನನಗೆ ಗೊತ್ತಿತ್ತು ಎಂದು. ಕೇಳಿ ಸುಮ್ಮನಾದದ್ದು ತಮ್ಮ ತಪ್ಪೂ ಹೌದು ಎಂದು ಅವರು ಉತ್ತರಿಸಿದರು. ಅವರ ಸಲಹೆಯಿಂದ ರೇಖಾ ಪ್ರಬಂಧವನ್ನು ತಿದ್ದಿ ಒಂದು ಲೇಖನ ಬರೆದಳು. ಎಲ್ಲೋ ಅಚ್ಚಾಯಿತು. ಅದರ ಪ್ರತಿಯನ್ನು ಕೇಳಿಕೊಂಡು ಯಾವ ಕಂಪನಿಯವರೂ ಬರಲಿಲ್ಲ.

ಮಾಸ್ತಮ್ಮ ಮತ್ತೆ ಗರಿ ಹಾಸಿದಳು. ಮೊದಲಿನಷ್ಟಿಲ್ಲ, ವಾರದಲ್ಲಿ ಕೆಲವು ದಿನ. ರಜೆಯಲ್ಲಿ ರೇಖಾ ದಕ್ಕೆಗೆ ಹೋಗಿ ತಾಯಿಯ ಬುಟ್ಟಿಯ ಇನ್ನೊಂದು ಕಿವಿ ಹಿಡಿಯುತ್ತಾಳೆ. ಅದರಿಂದ ಅವಳ ಮನಸ್ಸೇನೂ ಹಗುರವಾಗುವುದಿಲ್ಲ. ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತ ಹೆಂಗಸರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ.

ದೇವಿಗೆ ಸುದ್ದಿ ಮುಟ್ಟಿಸಿದರು. ಬೊಮ್ಮಯ್ಯನ ಬೋಟಿನಿಂದ ನಿನಗೂ ಮೀನು ಸಿಗುತ್ತದೆ, ಬಾ ಎಂದು ಮಾಸ್ತಮ್ಮನೇ ಫೋನಿನಲ್ಲಿ ಹೇಳಿದಳು. ದೇವಿ ಬರಲಿಲ್ಲ. ಅಂಥ ಭರವಸೆ ನಂಬಿ ಇದ್ದ ಕೆಲಸ ಬಿಡುವುದಿಲ್ಲ ಎಂದಳಂತೆ. ಮರುವರ್ಷ ಅಂಕಿತಾಳನ್ನೂ ಗೋವೆಗೆ ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಗೆ ಹಾಕಿದಳು. ಹೊರಡುವ ದಿನ ಮಾಸ್ತಮ್ಮನ ಮನೆಗೆ ಬಂದು ಊಟ ಮಾಡಿದಳು. ರೇಖಾ ಬಡಿಸಿದಳು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದು ದೇವಿ ಹೇಳಿದಳು. ರೇಖಾ ಒಳಗೆ ಹೋಗಿ ಉಪ್ಪು ತಂದುಕೊಟ್ಟಳು. ಕೈತೊಳೆದ ಮೇಲೆ ದೇವಿ ಮಾಸ್ತಮ್ಮನ ಕಾಲು ಮುಟ್ಟಿ, ಅಂಕಿತಾಳ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು, "ಬತ್ತೆ" ಎಂದು ಇಬ್ಬರಿಗೂ ಸೇರಿಸಿ ಹೇಳಿ ಹೊರಟಳು.